ರಾಯರು ಕಂಡುಹಿಡಿದ ಕೊಳ

ಈ ಅರಬ್ಬರ ನಾಡಿನಲ್ಲಿ, ಹಮ್ರಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೊಳೆಗೆ, ನನ್ನ ಆಫೀಸಿನವರು ಕೊಟ್ಟ ಕ್ಯಾಲೆಂಡರು ತೂಗುತ್ತದೆ. ಗ್ಯಾಸ್ ಸಿಲಿಂಡರು ಬದಲಿಸಿದ ದಿನಕ್ಕೆ ಗುರುತು ಹಾಕುವುದು, ಏಕಾದಶಿ ಹುಡುಕಿ ಸಿಗದೆ ಗೊಣಗುವುದು ಬಿಟ್ಟರೆ ಅದನ್ನು ನಾನು ಅಷ್ಟಾಗಿ ನೋಡಿದವಳಲ್ಲ. ಕಂಪನಿಯ ಬೇರು ಅಮೆರಿಕದಲ್ಲಿರುವುದರಿಂದ ಅಲ್ಲಿಯ ರಜೆಗಳೂ ಅದರಲ್ಲಿ ಸಣ್ಣಕ್ಷರದಲ್ಲಿ ಇರುತ್ತವೆ. ಅಕ್ಟೋಬರಿನ ಒಂದು ಸೋಮವಾರ, ಹಡಗೇರಿ ಬಂದು ಆ ನೆಲವನ್ನು 'ಕಂಡುಹಿಡಿದ' ನಾವಿಕನ ಹೆಸರಿನಲ್ಲಿದ್ದದ್ದು, ಈಚೆಗೆ 'ಮೂಲನಿವಾಸಿಗಳ ದಿನ' ಎಂದೂ ಅಚ್ಚಾಗುತ್ತಿದೆ. ಮೊದಲ ಸಲ ಕಂಡಾಗ ನಕ್ಕಿದ್ದೆ. ರಜೆ ರಜೆಯೇ, ಹಣೆಪಟ್ಟಿ ಬದಲಾದರೆ ಮಧ್ಯಾಹ್ನದ ನಿದ್ದೆಯ ರುಚಿ ಬದಲಾದೀತೇ? ಈಗ ನಗು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ನಮಗೂ ಅಂಥದೊಂದು ಹಬ್ಬವಿತ್ತು. ಮೈಸೂರಿನ ಇಂಜಿನಿಯರು ರಾಯರು, ಇಲ್ಲಿಯ ನಮ್ಮ ಕನ್ನಡಿಗರ ಗುಂಪಿನ ಹಿರಿಯರು, ಹನ್ನೆರಡು ವರ್ಷದ ಹಿಂದೆ ದಾರಿ ತಪ್ಪಿ ಒಂದು ವಾದಿಯೊಳಗೆ ಕಾರು ಓಡಿಸಿದ್ದರು. ಬೆಟ್ಟಗಳ ನಡುವಿನ ಒಣಗಿದ ಹೊಳೆಯ ಹಾದಿಯನ್ನು ಇಲ್ಲಿ ವಾದಿ ಎನ್ನುತ್ತಾರೆ. ಅಲ್ಲಿ ಪಚ್ಚೆಹಸಿರಿನ ಕೊಳವೊಂದನ್ನು ಕಂಡು, ಫೋನಿನ ನಕ್ಷೆಯಲ್ಲಿ 'ರಾಯರ ಕೊಳ' ಎಂದು ಗುರುತು ಹಾಕಿಕೊಂಡರು. ಅಂದಿನಿಂದ ಯುಗಾದಿ ಕಳೆದ ಮೊದಲ ಶುಕ್ರವಾರ ಐದು ಮನೆಯವರು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಅಲ್ಲಿಗೆ ಹೋಗಿ, ರಾಯರ ಬಾಯಿಂದ ಅದೇ ಕಥೆಯನ್ನು ಕೇಳಿ, 'ಕೊಳ ಕಂಡ ದಿನ' ಆಚರಿಸುತ್ತಿದ್ದೆವು. ಕೊಳದ ಮೇಲಿನ ದಿಣ್ಣೆಯಲ್ಲಿ ನಾಲ್ಕು ಮನೆಗಳಿದ್ದವು, ಒಂದು ಖರ್ಜೂರದ ತೋಟವಿತ್ತು, ತೋಟಕ್ಕೆ ನೀರೊಯ್ಯುವ ಬಹಳ ಹಳೆಯ ಕಲ್ಲುಕಾಲುವೆಯಿತ್ತು. ಕಾಲುವೆ ಇದ್ದ ಮೇಲೆ ನೀರನ್ನು ಯಾರೋ ಮೊದಲೇ ಕಂಡಿರಬೇಕು ಎಂಬುದು, ಡಿಗ್ರಿ ಪಡೆದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈ ವರ್ಷ ನಾವು ಊಟಕ್ಕೆ ಕುಳಿತಾಗ ತಲೆಯ ಮೇಲೆ ಶುಭ್ರ ಆಕಾಶ. ಎದುರಿನ ಇಳಿಜಾರಿನಲ್ಲಿ ಮುದುಕಿಯೊಬ್ಬಳು ಮೇಕೆಗಳನ್ನು ಮೇಲಕ್ಕೆ ಅಟ್ಟುತ್ತ, ನಮ್ಮತ್ತ ಕೈ ಬೀಸಿ ಏನೋ ಕೂಗಿದಳು. "ಪಾಪ, ಹಲೋ ಹೇಳ್ತಿದಾರೆ" ಎಂದರು ರಾಯರ ಹೆಂಡತಿ ಸರೋಜಕ್ಕ. ನಾವೆಲ್ಲ ಎದ್ದು ನಿಂತು, ಅನ್ನದ ಕೈಯಲ್ಲೇ, ಹಲೋ ಎಂದು ಕೈ ಬೀಸಿದೆವು. ಕಾಲು ಗಂಟೆಯೊಳಗೆ, ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಕೆಂಪು ನೀರಾಗಿ ಬಂತು. ಮಕ್ಕಳನ್ನು ಎಳೆದುಕೊಂಡು ಬಂಡೆಯ ಅಂಚು ಹತ್ತಿದೆವು. ರಾಯರು ಜಾರಿ ಕಾಲು ಮುರಿದುಕೊಂಡರು. ಕಾರುಗಳು ಕೊಚ್ಚಿಹೋದವು. ಒಂದೇ ಗೆರೆಯ ಸಿಗ್ನಲ್ಲಿನಲ್ಲಿ ರಕ್ಷಣಾ ದಳಕ್ಕೆ ಫೋನು ಸಿಕ್ಕಿತು.

"ಸರ್, ಕೌನ್ಸಾ ವಾದಿ? ಗಾಂವ್ ಕಾ ನಾಮ್ ಬೋಲೋ" ಎಂದು ಆ ಕಡೆಯವನು ಊರಿನ ಹೆಸರು ಕೇಳಿದ.

"ರಾಯರ ಕೊಳ" ಎಂದರು ರಾಯರು. ಆಮೇಲೆ ಇನ್ನಷ್ಟು ಗಟ್ಟಿಯಾಗಿ, "ರಾಯರ ಕೊಳ!"

ಹನ್ನೆರಡು ವರ್ಷ ಬಂದು ಹೋದ ಜಾಗಕ್ಕೆ ನಮ್ಮ ಬಳಿ ಬೇರೆ ಹೆಸರಿರಲಿಲ್ಲ. ನೀರು ಅಂಚು ಮುಟ್ಟಲು ಒಂದು ಗೇಣು ಉಳಿದಿತ್ತು. ಆಗ ಬೆನ್ನ ಹಿಂದಿನ ಮೇಕೆದಾರಿಯಿಂದ ಇಳಿದು ಬಂದದ್ದು ಅದೇ ಮುದುಕಿಯ ಮನೆಯ ಇನ್ನೊಬ್ಬ ಹೆಂಗಸು. ರಾಯರ ಕೈಯಿಂದ ಫೋನು ಕಿತ್ತುಕೊಂಡು ಎರಡೇ ಪದದಲ್ಲಿ ಊರಿನ ಹೆಸರು ಹೇಳಿದಳು. ಆ ಕಡೆಯವನು ಮತ್ತೆ ಏನನ್ನೂ ಕೇಳಲಿಲ್ಲ. "ಯಲ್ಲಾ", ಬೇಗ ಬೇಗ, ಎನ್ನುತ್ತ ಮಕ್ಕಳನ್ನು ಒಬ್ಬೊಬ್ಬರಾಗಿ ಮೇಲಕ್ಕೆ ನೂಕಿದಳು. ರಾಯರನ್ನು ಅವಳ ಮನೆಯ ಗಂಡಸರು ಕಂಬಳಿಯಲ್ಲಿ ಹೊತ್ತರು.

ಇವತ್ತಿಗೂ ವಾಷಿಂಗ್ ಮೆಷೀನು ಜೋರಾಗಿ ತಿರುಗತೊಡಗಿದರೆ ನಾನು ಎದ್ದು ನಿಲ್ಲುತ್ತೇನೆ. ಕೈ ಬೀಸಿದ ಆ ಕ್ಷಣ ಮತ್ತೆ ಮತ್ತೆ ಬರುತ್ತದೆ. ನೀರಿಗಿಂತ ಹೆಚ್ಚಾಗಿ ಅದೇ.

ಅಕ್ಟೋಬರಿನಲ್ಲಿ ರಾಯರ ಮನೆಯಲ್ಲಿ ಸೇರಿದ್ದಾಗ, ಕ್ಯಾಲೆಂಡರಿನ ಆ ಸೋಮವಾರದ ಸಂಗತಿ ಎತ್ತಿ, ನಾನು ಹೇಳಿಬಿಟ್ಟೆ: ಆ ದಿನಕ್ಕೆ ಇನ್ನು ದಿಣ್ಣೆಯ ಮನೆಯವರ ಹೆಸರಿಡೋಣ.

"ಎಂತ ಮಾರಾಯ್ರೆ, ಅಮೆರಿಕದವರ ಶೀತ ನಿಮಗೂ ತಾಗಿತಾ?" ಎಂದರು ದಿನೇಶಣ್ಣ. ಉಡುಪಿಯ ಕಡೆಯವರು, ಇಲ್ಲಿ ಸುವೈಕ್ ಪಟ್ಟಣದಲ್ಲಿ ಅಂಗಡಿ ಇಟ್ಟವರು.

ಸರೋಜಕ್ಕ ನಗಲಿಲ್ಲ. "ಮೇ ತಿಂಗಳಿಗೆ ಇವರ ವೀಸಾ ಮುಗಿಯತ್ತೆ. ಬರೋ ಯುಗಾದಿ ಇಲ್ಲಿ ನಮಗೆ ಕೊನೇದು ಕಣೇ. ಈ ಊರಲ್ಲಿ ಇವರ ಹೆಸರಲ್ಲಿರೋದು ಅದೊಂದೇ. ಅದನ್ನೂ ತೆಗೀತೀಯಾ?"

ರಾಯರೇ ಕೇಳಿದರು: "ಅವತ್ತು ಆಯಮ್ಮ ಫೋನಲ್ಲಿ ಏನಂದ್ರು? ಯಾರಿಗಾದ್ರೂ ನೆನಪಿದೆಯಾ?" ಯಾರಿಗೂ ಇರಲಿಲ್ಲ. "ಮತ್ತೆ ಯಾರ ಹೆಸರಿಡ್ತೀರಿ? ನಡೀರಿ, ಕೇಳ್ಕೊಂಡು ಬರೋಣ."

ಹೋದೆವು. ಕೊಳದ ಕಡೆ ನಾನು ನೋಡಲಿಲ್ಲ. ಹೊಸಿಲ ಬಳಿ ಕಹ್ವಾ ಎಂಬ ಕಾಫಿ, ಖರ್ಜೂರ ಬಂತು. ಮುದುಕಿಯೇ ಆ ಎರಡು ಪದ ಹೇಳಿಕೊಟ್ಟಳು. ಇಲ್ಲಿ ಅದನ್ನು ಬರೆಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ಪುಳಿಯೋಗರೆ ಕಟ್ಟಿಕೊಂಡು ಹೊರಟುಬಿಟ್ಟೀರಿ. ಹಬ್ಬಕ್ಕೆ ನಿಮ್ಮ ಹೆಸರಿಡುತ್ತೇವೆ ಎಂದು ದಿನೇಶಣ್ಣ ತಮ್ಮ ಅಂಗಡಿಯ ಅರಬ್ಬಿಯಲ್ಲಿ ವಿವರಿಸಿದಾಗ ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಉದ್ದಕ್ಕೆ ಏನೋ ಹೇಳಿದಳು.

"ಹೆಸರು ನೀವು ಎಂತ ಬೇಕಾದ್ರೂ ಇಟ್ಕೊಳ್ಳಿ, ಆ ಶುಕ್ರವಾರ ಮಾತ್ರ ಬರ್ಬೇಡಿ ಅಂತಾರೆ" ಎಂದರು ದಿನೇಶಣ್ಣ. "ಬೆಟ್ಟದ ಆಚೆ ಮಳೆ ಯಾವಾಗ ಬೀಳ್ತದೆ ಅಂತ ಆ ಸಮಯದಲ್ಲಿ ಅವರಿಗೇ ಗೊತ್ತಾಗುದಿಲ್ವಂತೆ. ವರ್ಷ ವರ್ಷ ಕೂಗಿ ಹೇಳಿದ್ರೆ ನಾವು ವರ್ಷ ವರ್ಷ ಟಾಟಾ ಮಾಡಿದ್ದಂತೆ. ಖರ್ಜೂರ ಕೊಯ್ಯುವಾಗ ಬನ್ನಿ, ಜುಲೈಯಲ್ಲಿ. ಕೊಳಕ್ಕಲ್ಲ, ಮನೆಗೆ."

"ಆ ಸೆಕೇಲಾ?" ಎಂದುಬಿಟ್ಟರು ಸರೋಜಕ್ಕ.

ಅದನ್ನೂ ಅನುವಾದಿಸಲಾಯಿತು. ಮುದುಕಿ ಬಾಯ್ತುಂಬ ನಕ್ಕಳು. "ನಮಗೆಂತ ಫ್ಯಾನು ಹಾಕಿಕೊಟ್ಟು ಕೊಯ್ಲಿಗೆ ಕಳಿಸ್ತಾರಾ ಅಂತ ಕೇಳ್ತಾರೆ" ಎಂದರು ದಿನೇಶಣ್ಣ.

ಹೆಸರು ಕೊಡಲು ಹೋದವರಿಗೆ ಅವಳು ದಿನವನ್ನೇ ಬದಲಿಸಿ ಕೊಟ್ಟಿದ್ದಳು. ಜುಲೈ ಎಂಬ ಮಾತು ಬಿದ್ದೊಡನೆ ನಾನು ರಾಯರ ಮುಖ ನೋಡಿದೆ, ಸರೋಜಕ್ಕನೂ ನೋಡಿದರು. ಮೇ ತಿಂಗಳ ಲೆಕ್ಕ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಾಯರು ಫೋನು ತೆಗೆದು ನಕ್ಷೆಯ ಗುರುತನ್ನು ಅಳಿಸಿದರು. ನಿಧಾನಕ್ಕೆ, ಕನ್ನಡದಲ್ಲಿ, ನಮ್ಮ ಐದು ಮನೆಗಳ ಗ್ರೂಪಿಗೆ ಟೈಪು ಮಾಡಿದರು. ನನ್ನ ಚೀಲದೊಳಗೆ ಫೋನು ನಡುಗಿತು.

"ಇನ್ನು ಮೇಲೆ ಜುಲೈ. ಅವರು ಕರೆದಿದ್ದಾರೆ. ನಾನಿಲ್ಲ ಅಂತ ಯಾರೂ ತಪ್ಪಿಸಬಾರದು."