ಪುತಳಾಬಾಯಿ ಉಳಿಸಿದ ಒಂದೇ ಒಂದು

ಕಮಲಾಪುರದಲ್ಲಿ ಪುತಳಾಬಾಯಿಗೆ ಎದುರಾಡುವವರಿಲ್ಲ. ಎದುರಾಡಬೇಕೆಂದುಕೊಂಡವರೂ ಆಕೆಯ ಕೆಂಪು ಬಾಳೆಯ ಗೊನೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಗುಟ್ಟೇನೂ ಇಲ್ಲ. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಆಕೆ ಕಡಿದು ಹಾಕುತ್ತಾಳೆ. ಗಂಡ ಖಂಡೆಪ್ಪ ಒಮ್ಮೆ ಪಾಪ ಎಂದು ಎರಡು ಮರಿ ಬಿಟ್ಟಿದ್ದಕ್ಕೆ ವರ್ಷವಿಡೀ ಬೈಸಿಕೊಂಡ. ತೋಟದಲ್ಲಿ ನಡೆದದ್ದು ಲೋಕದಲ್ಲೆಲ್ಲ ನಡೆಯಬೇಕೆಂದು ಆಕೆಯ ನಂಬಿಕೆ. ಹೀಗೆ ನಂಬುವವರು ವಿಶ್ವವಿದ್ಯಾಲಯಗಳಲ್ಲೂ ಇದ್ದಾರೆ, ಆಕೆಯೊಬ್ಬಳನ್ನೇ ಯಾಕೆ ದೂರಲಿ?

ಸೊಸೆ ಮಲ್ಲಿಕಾಗೆ ಹೋದ ವರ್ಷ ತತ್ತಿಯನ್ನು ಗರ್ಭಕೋಶಕ್ಕೆ ಒಯ್ಯುವ ನಾಳದಲ್ಲೇ ಗರ್ಭ ನಿಂತು, ಜೀವ ಉಳಿಸಲು ಬಲಗಡೆಯ ನಾಳ ತೆಗೆಯಬೇಕಾಯಿತು. ಇನ್ನು ಮಗುವಾಗಬೇಕಾದರೆ ಎಡಗಡೆ ತತ್ತಿ ಬಲಿಯಬೇಕು. ಯಾವ ತಿಂಗಳು ಯಾವ ಕಡೆ ಬಲಿಯುತ್ತದೆಂದು ಯಾರು ಹೇಳಬಲ್ಲರು? ಅದಕ್ಕೇ ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರ್ ಮದಿಹಾ, ಎರಡೂ ಕಡೆ ಒಂದೆರಡಾದರೂ ಬಲಿಯಲೆಂದು ದಿನಾ ಸಂಜೆ ಇಂಜೆಕ್ಷನ್ ಬರೆದುಕೊಟ್ಟರು. ಕಮಲಾಪುರದ ನರ್ಸ್ ಸಿದ್ರಾ ಮನೆಗೇ ಬಂದು ಚುಚ್ಚಿಹೋಗುತ್ತಿದ್ದಳು.

ಮೊದಲ ಸ್ಕ್ಯಾನಿಂಗಿಗೆ ಪುತಳಾಬಾಯಿಯೂ ಸೊಸೆಯ ಜೊತೆ ಹೋದಳು.

"ನೋಡ್ರೀ ಅಮ್ಮಾ, ಈ ಕರೀ ಗುಳ್ಳಿಗೋಳು ಕಾಣ್ತಾವಲ್ಲ, ಇವು ಫಾಲಿಕಲ್. ಒಳಗ ತತ್ತಿ ಇರ್ತದ," ಎಂದರು ಮದಿಹಾ. "ತಿಂಗಳಾ ಒಂದಿಷ್ಟು ಏಳ್ತಾವ. ಮಿದುಳಿನ ಬುಡದಾಗಿಂದ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಬಂದು ಅವನ್ನ ಬೆಳಸ್ತದ. ಮುಂದ ಬಂದದ್ದು ಈಸ್ಟ್ರೋಜನ್ ಬಿಟ್ಟು, ಇನ್ನ ಸಾಕು ಅಂತ ಮಿದುಳಿಗಿ ಹೇಳ್ತದ. ಎಫ್‌ಎಸ್‌ಎಚ್ ಇಳೀತದ. ಸಣ್ಣವು ಒಣಗ್ತಾವ, ದೊಡ್ಡದು ಅಷ್ಟರಾಗೇ ಬದುಕ್ತದ. ಇಂಜೆಕ್ಷನ್ ಕೊಟ್ರ ಸಣ್ಣವೂ ಉಳೀತಾವ."

"ಅಂದ್ರ ಎಲ್ಲಾ ಒಟ್ಟಿಗೇ ಬೆಳ್ಯಾಕತ್ತಾವ?"

"ಹೌದ್ರೀ, ಚಲೋ ಬೆಳ್ಯಾಕತ್ತಾವ."

ಪುತಳಾಬಾಯಿಗೆ ತನ್ನ ಬಾಳೆಯ ಮರಿಗಳು ನೆನಪಾದವು. ಎಲ್ಲ ಒಟ್ಟಿಗೆ ಬೆಳೆದರೆ ಒಂದಕ್ಕಾದರೂ ಮೈ ತುಂಬುವುದುಂಟೆ? ಇಷ್ಟು ಓದಿದ ಡಾಕ್ಟರಿಗೆ ಇಷ್ಟೂ ತಿಳಿಯದಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮರುಗಿದಳು. ಇನ್ನೂ ಹುಟ್ಟದ ಮೊಮ್ಮಗುವಿನ ಮೇಲೆ ಆಕೆಗೆ ಜೀವ. ಆ ಜೀವವೇ ಕೆಲಸ ಕೆಡಿಸಿತು.

ಸಂಜೆ ಸಿದ್ರಾಳನ್ನು ಹೊಸ್ತಿಲಲ್ಲೇ ತಡೆದಳು. "ಡಾಕ್ಟರ್ ಫೋನ್ ಮಾಡಿದ್ರವಾ. ಸೂಜಿ ಇನ್ನ ಸಾಕಂತ."

"ಅಚ್ಛಾ? ನನಗ ಹೇಳಿಲ್ಲಲ್ರೀ ಅಮ್ಮಾ."

"ನಾ ಹೇಳಾಕತ್ತೀನಲ್ಲ?"

ಕಮಲಾಪುರದಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಇನ್ನೊಂದಿಲ್ಲ. ಸಿದ್ರಾ ಸ್ಕೂಟಿ ತಿರುಗಿಸಿದಳು. ಹೊಟ್ಟೆಯೆಲ್ಲ ಚುಚ್ಚಿಸಿಕೊಂಡು ಸಾಕಾಗಿದ್ದ ಮಲ್ಲಿಕಾ ಕೂಡ ಎರಡನೇ ಮಾತು ಕೇಳಲಿಲ್ಲ. ಉಳಿಯುವ ಒಂದು ದಪ್ಪಗಾಗಲೆಂದು ಅತ್ತೆ ಆಕೆಗೆ ತುಪ್ಪ ಸುರಿದು ಹೋಳಿಗೆ ತಿನ್ನಿಸಿದಳು. ನನಗಂತೂ ಇದನ್ನು ನೆನೆದರೆ ನಗು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ.

ಮುಂದಿನ ಸ್ಕ್ಯಾನಿಂಗಿನಲ್ಲಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಒಂದೇ ಉಳದದ. ಬಲತೇನೋ ಬಲತದ..."

ಪುತಳಾಬಾಯಿಗೆ ಹಿಗ್ಗು ತಡೆಯಲಾಗಲಿಲ್ಲ. "ಅದನ್ನ ಉಳಿಸಿದಾಕಿ ನಾನೇ ರೀ! ಸೂಜಿ ಬಿಡಿಸಿದೆ. ನೋಡ್ರಿ, ಹ್ಯಾಂಗ ಮೈ ತುಂಬೇದ!"

ಮದಿಹಾ ನಿಧಾನವಾಗಿ ಹೇಳಿದರು. "ಇದು ಬಲಗಡಿ ಅದ ರೀ ಅಮ್ಮಾ. ನಾಳ ಇಲ್ಲದ ಕಡಿ. ಎಡಗಡಿ ಎರಡು ಚಲೋ ಬರಾಕತ್ತಿದ್ದವು, ಒಣಗ್ಯಾವ. ಈ ಕಡಿ ತತ್ತಿನ್ನ ಆ ಕಡಿ ನಾಳ ಹಿಡಕೊಳ್ಳೋದು ಭಾಳ ಅಪರೂಪ. ಈ ತಿಂಗಳ ಆಸೆ ಇಟ್ಕೋಬ್ಯಾಡ್ರಿ."

ಮಲ್ಲಿಕಾ ಮಂಚದ ಮೇಲೆ ಎದ್ದು ಕೂತಳು. ಅಳಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು.

"ಅತ್ತಿ, ತ್ವಾಟದಾಗ ಯಾವ ಮರಿ ಬಿಡಬೇಕಂತ ಹ್ಯಾಂಗ ಆರಸ್ತೀರಿ?"

"ನೋಡಿ ಆರಸ್ತೀನವಾ. ಯಾವ ಕಡಿ ಎದ್ದದ, ಬಿಸಲು ಎಲ್ಲಿಂದ..."

"ಇಲ್ಲಿ ನೋಡಿದ್ರೇನ್ರೀ?"

ಪುತಳಾಬಾಯಿ ಪರದೆಯ ಕಡೆ ತಿರುಗಿದಳು. ಅದರಲ್ಲಿ ಎಡ ಯಾವುದು, ಬಲ ಯಾವುದು ಎಂಬುದು ಆಕೆಗೆ ಆಗಲೂ ತಿಳಿಯಲಿಲ್ಲ.