ತಲೆಗೆ ಬಡಿಯುವ ತೋರಣ

ಬಂದವರಿಗೆ ನಮ್ಮ ಮನೆಯಲ್ಲಿ ಮೊದಲು ಸಿಗುತ್ತಿದ್ದದ್ದು ನೀರಲ್ಲ, ತಲೆಗೊಂದು ಏಟು. ಬಾಗಿಲಿನ ಮಣಿತೋರಣ ಅಷ್ಟು ಕೆಳಕ್ಕೆ ಇಳಿಬಿದ್ದಿತ್ತು. ಅತ್ತೆ ಮದುವೆಗೆ ಮುಂಚೆ ತಾವೇ ಪೋಣಿಸಿ ತಂದದ್ದು. ಹಬ್ಬಕ್ಕೆಂದು ಕಟ್ಟಿದ್ದು ವರ್ಷವಿಡೀ ಅಲ್ಲೇ ಇರುತ್ತಿತ್ತು. ಬಿಚ್ಚೋಣವೆಂದರೆ ಅತ್ತೆ, "ಇರ್ಲಿ ಬಿಡವಾ, ಅದೇನ್ ಅನ್ನ ಕೇಳ್ತೈತೇನು?" ಅನ್ನುತ್ತಿದ್ದರು.

ಈ ದೀಪಾವಳಿಗೆ ನನಗೆ ಹುಕಿ ಬಂತು. (ಹಳೆಯದನ್ನು ಹೊಸದು ಮಾಡುವ ವಿಡಿಯೊ ನೋಡಿದರೆ ಯಾರಿಗೆ ಬರುವುದಿಲ್ಲ?) ಹಾವೇರಿಗೆ ಹೋದಾಗ ಮಣಿ, ನೈಲಾನ್ ದಾರ ತಂದೆ. ತೋರಣ ಇಳಿಸಿ ಸೋಪಿನ ನೀರಿನಲ್ಲಿ ನೆನೆಹಾಕಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು! ಮಾಸಿದ ಕೆಂಪು ಮಣಿ ತೆಗೆದು ನೀಲಿ ಹಾಕಿದೆ. ತಲೆಗೆ ಬಡಿಯುತ್ತಿದ್ದ ಎಳೆಗಳನ್ನು ಗೇಣುದ್ದ ಕತ್ತರಿಸಿದೆ.

"ಹೆಂಗಾಗೈತ್ರಿ ಅತ್ತಿ?"

"ಭಾಳ ಚಂದ ಆಗೈತಿ. ಆ ಕೆಂಪು ಹಂಗ ಉಳಿಸೀದಿ, ಅದ ಚಲೋ ಮಾಡೀದಿ ನೋಡು."

ನೀಲಿ ಹಾಕಿದ್ದಕ್ಕೆ ಚುಚ್ಚಿದರು ಅಂದುಕೊಂಡೆ. ಸೊಸೆಯ ಕಿವಿಗೆ ಅತ್ತೆಯ ಮಾತು ಬೇರೆ ಹೇಗೆ ಕೇಳಿಸೀತು? ಮುಖ ಗಂಟು ಹಾಕಿಕೊಂಡೇ ತೋರಣ ಕಟ್ಟಿದೆ.

ಮರುದಿನ ಸಂಜೆ ಅತ್ತೆ ಎಂದಿನಂತೆ ಓಣಿಯ ತುದಿಯ ಹನುಮಪ್ಪನ ಗುಡಿಗೆ ಹೋದರು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು, ಒಂದಕ್ಕೊಂದು ಅಂಟಿಕೊಂಡವು. ಕತ್ತಲಾಗುವ ಹೊತ್ತಿಗೆ ನಮ್ಮ ಮನೆ ದಾಟಿ ಓಣಿಯ ಈಚೆ ಕೊನೆಯಲ್ಲಿರುವ ಶಮೀಮಕ್ಕ ಓಡಿ ಬಂದರು.

"ನಿಮ್ಮತ್ತಿ ನಮ್ಮ ಕಟ್ಟಿ ಮ್ಯಾಲೆ ಕುಂತಾರವಾ. ಕೇಳಿದ್ರ ಕಾಲು ನೋಯಾಕತ್ತಾವ ಅಂತಾರ. ಖರೇ ಹೇಳ್ಲಿ? ಅವರಿಗೆ ಮನಿ ಸಿಕ್ಕಿಲ್ಲ."

ಹೋಗಿ ಕರೆತಂದೆ. ಬಾಗಿಲಿಗೆ ಬಂದೊಡನೆ ಅತ್ತೆ ಕೈ ಮೇಲೆತ್ತಿದರು. ದಿನಾ ಹಾಗೆಯೇ, ಒಳಗೆ ಬರುವಾಗ ತೋರಣ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಎಂಥ ಭಕ್ತಿ ನಮ್ಮತ್ತೆಗೆ ಎಂದು ಓಣಿಗೆಲ್ಲ ಹೇಳಿದ್ದೆ. ಈಗ ಆ ಕೈ ಗಾಳಿಯಲ್ಲಿ ತಡಕಾಡಿತು. ಏನೂ ಸಿಗಲಿಲ್ಲ.

"ಇದ ಹೌದಲ್ಲ, ನಮ್ಮನಿ?" ಎಂದರು.

"ಅತ್ತಿ, ನಿಮಗ ಕಣ್ಣು ಕಾಣ್ಸಂಗಿಲ್ಲೇನ್ರಿ?"

"ಬೆಳಕು, ನೆರಳಷ್ಟ ಗೊತ್ತಾಗ್ತಾವ. ಮಣಿ ಕೈಗೆ ಸಿಕ್ರ ನಮ್ಮನಿ ಬಂತು ಅಂತ ತಿಳ್ಕೋತಿದ್ದೆ. ನನ್ನ ಮಗಗ ಹೇಳಬ್ಯಾಡವಾ. ಗೊತ್ತಾದ್ರ ಹೊರಗ ಬಿಡಂಗಿಲ್ಲ ಅಂವ. ಗುಡಿಗೆ ಹೋಗೂದೊಂದ ಉಳದೈತಿ ನನಗ."

ಹೇಳದಿರಲು ಆಗುತ್ತದೆಯೇ? ಹೇಳಿದೆ. ಹಾವೇರಿಯ ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ, ಮೊದಲೇ ಬರಬೇಕಿತ್ತು ಎಂದರು. ಮೊದಲೇ ಎಂದರೆ ಯಾವಾಗ? ಊಟಕ್ಕೆ ಕೂತಾಗ, "ಖಾರ ಎಲ್ಲಿ ಹಾಕೀದಿ?" ಎಂದು ಅವರು ದಿನಾ ಕೇಳುತ್ತಿದ್ದರು. ಖಾರವೆಂದರೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ; ಅದು ಅವರ ತಟ್ಟೆಯಲ್ಲೇ ಇರುತ್ತಿತ್ತು. ಮುದುಕಿಯ ನಾಲಿಗೆ ಚಪಲ ಎಂದು ಒಳಗೊಳಗೇ ನಕ್ಕಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅದು ನೆನಪಾಗಿ ಅಳು ತಡೆಯಲಾಗಲಿಲ್ಲ.

ಅತ್ತೆ ಹೆದರಿದ್ದೇ ಆಯಿತು. "ಯವ್ವಾ, ಇನ್ ಮ್ಯಾಲೆ ಒಬ್ಬಾಕಿನ ಹೊರಗ ಹೋಗಬ್ಯಾಡ ಬೇ" ಎಂದರು ನಮ್ಮ ಯಜಮಾನರು. ನಾನು ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆಂದರೆ ಅತ್ತೆ ಒಲ್ಲರು. "ನಾ ಏನ್ ಸಣ್ಣ ಕೂಸೇನು?" ಅನ್ನುತ್ತಾರೆ. ಗುಡಿಯ ಗಂಟೆ ಕೇಳಿಸಿದಾಗ ಕೂತಲ್ಲೇ ಕೈ ಮುಗಿಯುತ್ತಾರೆ.

ಕತ್ತರಿಸಿದ ಎಳೆಗಳನ್ನು ಮತ್ತೆ ಜೋಡಿಸಿದ್ದೇನೆ, ಕೆಂಪು ಮಣಿಯನ್ನೇ ಹಾಕಿ. ತೋರಣ ಮೊದಲಿಗಿಂತ ಉದ್ದವಾಗಿದೆ.

ಈಗ ಅದು ತಾಗುವುದು ನಮ್ಮ ತಲೆಗಳಿಗೆ ಮಾತ್ರ.