ಬೀದಿಯ ಮರಕ್ಕೆ ಇಟ್ಟ ಕುಂಕುಮ

ಬ್ರಿಸ್ಬೇನ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಮುಂಬಾಗಿಲು ರಸ್ತೆಯ ಮಟ್ಟಕ್ಕಿದೆ. ಒಳಗೆ ಬಂದು, ನಡುಮನೆ ದಾಟಿ, ಹಿಂದಿನ ಬಾಗಿಲು ತೆರೆದರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ನೆಲವೇ ಇಲ್ಲ! ಗುಡ್ಡ ಕೆಳಗೆ ಜಾರಿಹೋಗಿದೆ, ಮನೆ ಉದ್ದನೆಯ ಕಂಬಗಳ ಮೇಲೆ ನಿಂತಿದೆ, ಕಾಲಿನ ಮಟ್ಟದಲ್ಲಿ ನೀಲಗಿರಿ ಮರಗಳ ತುದಿಗಳು ತೂಗುತ್ತಿವೆ. ಮೊದಲ ದಿನ ಕಾಫಿ ಲೋಟ ಹಿಡಿದು ಆ ಬಾಗಿಲು ತೆರೆದವಳು ಹಾಗೇ ಹಿಂದಕ್ಕೆ ಸರಿದು ಗೋಡೆ ಹಿಡಿದುಕೊಂಡೆ. ಮರದ ಮೇಲಿಂದ ಯಾವುದೋ ಹಕ್ಕಿ ಗಹಗಹಿಸಿ ನಕ್ಕಿತು. ಕುಕಬರಾ ಎಂಬ ಆ ಹಕ್ಕಿಯ ಕೂಗೇ ಹಾಗೆ ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ನನ್ನನ್ನು ನೋಡಿಯೇ ನಕ್ಕಿತು ಅಂದುಕೊಂಡೆ.

ಈ ಗುಡ್ಡ ಬೇಕೆಂದು ಹಟ ಹಿಡಿದವಳು ನಾನೇ. ಅದಕ್ಕೂ ಮೊದಲು ಪರ್ತ್‌ನ ಜೂಂಡಲಪ್‌ನಲ್ಲಿದ್ದೆವು. ಒಳ್ಳೆಯ ಊರು, ಒಳ್ಳೆಯ ಜನ. ಆದರೆ ನನ್ನ ಕಣ್ಣಿಗೆ ಎಲ್ಲವೂ ಹಪ್ಪಳ ಒತ್ತಿದಂತೆ ಚಪ್ಪಟೆ. ಮೈಸೂರಿನಲ್ಲಿ ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಯಾವ ರಸ್ತೆಗೆ ತಿರುಗಿದರೂ ಎಲ್ಲೋ ಒಂದು ಕಡೆ ಬೆಟ್ಟ ಇಣುಕಬೇಕು, ಇಲ್ಲದಿದ್ದರೆ ದಿಕ್ಕು ತಪ್ಪುತ್ತದೆ. ಪರ್ತ್‌ನಲ್ಲಿ ವರ್ಷಗಟ್ಟಲೆ ಫೋನಿನ ಮ್ಯಾಪ್ ನೋಡಿಕೊಂಡೇ ತರಕಾರಿ ತಂದೆ. ಒಮ್ಮೆ ಅಡಿಲೇಡ್‌ನಲ್ಲಿ ಕೆಲಸದ ಮಾತು ಬಂದಾಗ ಮಾಸನ್ ಲೇಕ್ಸ್‌ಗೆ ಹೋಗಿ ಮನೆ ನೋಡಿದ್ದೂ ಆಯಿತು. ಅಲ್ಲಿ ಗುಡ್ಡಗಳು ದೂರದಲ್ಲಿ ಕಾಣುತ್ತಿದ್ದವು, ಹತ್ತಲು ಸಿಗುತ್ತಿರಲಿಲ್ಲ. ಹಾಗಾಗಿ ನನ್ನ ಗಂಡ ಪ್ರಶಾಂತನಿಗೆ ಬ್ರಿಸ್ಬೇನ್‌ಗೆ ವರ್ಗವಾದಾಗ, ಈ ಸಲ ಗುಡ್ಡವೂ ಬೇಕು, ಮರವೂ ಬೇಕು ಎಂದುಬಿಟ್ಟೆ.

ಅವನ ಮನಸ್ಸು ಫಾರೆಸ್ಟ್ ಲೇಕ್ ಮೇಲಿತ್ತು. ಅದೊಂದು ಕೆರೆಯ ಸುತ್ತ ಅಚ್ಚುಕಟ್ಟಾಗಿ ಕಟ್ಟಿದ ಬಡಾವಣೆ. ಆ ಕೆರೆಯೂ ಕಟ್ಟಿದ್ದೇ. ನಮಗೆ ಪರಿಚಯವಿದ್ದ ಕನ್ನಡದವರೆಲ್ಲ ಅಲ್ಲೇ ಇದ್ದರು.

"ಹಬ್ಬ ಹುಣ್ಣಿಮೆಗೆ ನಾಲ್ಕು ಜನ ಇರ್ತಾರೆ ಕಣೆ. ಗುಡ್ಡದ ಮೇಲೆ ಯಾರಿದಾರೆ ನಿಂಗೆ?" ಅಂದ.

"ಮರ ಇದಾವಲ್ಲ."

"ಮರ ಬಂದು ಊಟ ಆಯ್ತಾ ಅಂತ ಕೇಳುತ್ತಾ?"

ಕೊನೆಗೆ ರಾಜಿಯಾಯಿತು. ಒಂದು ವರ್ಷ ಗುಡ್ಡದ ಮೇಲಿದ್ದು ನೋಡುವುದು. ಅಷ್ಟರಲ್ಲಿ ಬೀದಿಯಲ್ಲಿ ಒಬ್ಬರಾದರೂ ನಮ್ಮವರು ಅನ್ನಿಸದಿದ್ದರೆ ಗಂಟುಮೂಟೆ ಕಟ್ಟಿ ಫಾರೆಸ್ಟ್ ಲೇಕ್‌ಗೆ.

ವರ್ಷ ಮುಗಿಯುತ್ತ ಬಂತು, ಒಬ್ಬರೂ ಸಿಗಲಿಲ್ಲ. ದಿನಸಿ ಚೀಲ ಹೊತ್ತು ಏದುಸಿರು ಬಿಡುತ್ತ ಏರುವಾಗ ಎದುರಾದವರು "ಹೌ ಆರ್ ಯು ಗೋಯಿಂಗ್" ಎನ್ನುತ್ತಾರೆ. ಹೇಗಿದ್ದೀರಿ ಅಂತ ಅರ್ಥ, ಆದರೆ ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ನಮ್ಮ ಮೈಸೂರಿನ ಬೀದಿಯಲ್ಲಾದರೆ ಗೇಟು ದಾಟುವಷ್ಟರಲ್ಲಿ ಇವತ್ತು ಏನು ಹುಳಿ ಎಂಬುದೂ ಚರ್ಚೆಯಾಗಿರುತ್ತದೆ. ಪಕ್ಕದ ಮನೆಯ ಮೌರೀನ್‌ಗೆ ನನ್ನ ಅಮ್ಮನ ವಯಸ್ಸು. ಬೇಲಿಯಾಚೆಯಿಂದ ಕೈ ಬೀಸುತ್ತಿದ್ದರು. ಅಷ್ಟು ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ನಾನೂ ಸುಮ್ಮನೆ ಕೈ ಬೀಸುತ್ತಿದ್ದೆ. ನನಗೆ ಬೇಜಾರಾಗುತ್ತಿತ್ತು, ತುಂಬಾ. ಆದರೆ ಹಟ ಹಿಡಿದು ಹತ್ತಿದ ಗುಡ್ಡವಲ್ಲವೇ, ಪ್ರಶಾಂತನ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ.

ಆಗ ಒಂದು ಸೋಮವಾರ ಅಮಾವಾಸ್ಯೆ ಬಂತು. ಆ ದಿನ ಅರಳಿ ಮರ ಸುತ್ತುವುದು ನಮ್ಮಲ್ಲಿ ಪದ್ಧತಿ. ಹಿಂದಿನ ದಿನ ಅಮ್ಮ ಫೋನಿನಲ್ಲಿ ನೆನಪಿಸಿದಳು.

"ನಮ್ಮ ಬೀದಿ ಅರಳಿಯಂತೂ ಹೋಯ್ತು. ನಾನು ಆಟೋ ಮಾಡ್ಕೊಂಡು ದೇವಸ್ಥಾನದ ಕಟ್ಟೆಗೆ ಹೋಗ್ತೀನಿ. ನಿಮ್ಮಲ್ಲಿ ಇದ್ಯೇನೆ ಅರಳಿ?"

ನಮ್ಮ ಬೀದಿಯ ಅರಳಿಯನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಆಗ ನಾನು ಪರ್ತ್‌ನಲ್ಲಿದ್ದೆ. ಅಣ್ಣ ಕಳಿಸಿದ ಫೋಟೊದಲ್ಲಿ ಬುಡ ಮಾತ್ರ ಉಳಿದಿತ್ತು, ಅದರ ಮೇಲೆ ಅಮ್ಮ ಮತ್ತು ಅವಳ ಅತ್ತೆ ಇಟ್ಟ ಕುಂಕುಮ ಗಟ್ಟಿ ಕಟ್ಟಿಕೊಂಡಿತ್ತು. ಆ ಫೋಟೊವನ್ನು ನಾನು ಎರಡನೇ ಸಲ ತೆರೆದಿಲ್ಲ.

ಇಲ್ಲಿ ಅರಳಿ ಇಲ್ಲ. ಆದರೆ ನಮ್ಮ ಬೀದಿ ತಿರುಗುವಲ್ಲಿ ಒಂದು ಭಾರಿ ಮರವಿದೆ. ಮೊರೆಟನ್ ಬೇ ಫಿಗ್ ಅನ್ನುತ್ತಾರೆ, ಆಲದ ದಾಯಾದಿ. ಬೇರುಗಳು ಕಾಲುದಾರಿಯ ಸಿಮೆಂಟನ್ನೇ ಎತ್ತಿಹಾಕಿವೆ. ಅಮಾವಾಸ್ಯೆಯ ದಿನ ಬೆಳಗ್ಗೆ ಸ್ನಾನ ಮಾಡಿ ಹೋಗಿ, ಬೊಡ್ಡೆಗೆ ಅಂಗೈ ಅಗಲ ಅರಿಶಿನ ಬಳಿದು, ನಡುವೆ ದೊಡ್ಡದಾಗಿ ಕುಂಕುಮ ಇಟ್ಟೆ. ಅಷ್ಟು ದೊಡ್ಡ ಮರಕ್ಕೆ ಸಣ್ಣ ಬೊಟ್ಟು ಇಟ್ಟರೆ ಚೆನ್ನಾಗಿರುತ್ತದೆಯೇ? ಸುತ್ತಿ, ಕೈಮುಗಿದು ಬಂದೆ.

ಮಾರನೆಯ ದಿನ ಆರ್ವೋ, ಅಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನದ ನಂತರ, ಹೊರಗೆ ಗಲಾಟೆ ಕೇಳಿಸಿತು. ಇಣುಕಿದರೆ ಮರದ ಸುತ್ತ ಇಡೀ ಬೀದಿ ನೆರೆದಿದೆ! ಒಬ್ಬರು ಕುರ್ಚಿ ತಂದು ಬೊಡ್ಡೆಗೆ ಒರಗಿಸಿ ಕೂತೇಬಿಟ್ಟಿದ್ದಾರೆ. ಮೌರೀನ್ ನನ್ನನ್ನು ಕಂಡದ್ದೇ ಕೂಗಿದರು.

"ನೋಡಿದೆಯಾ? ಕೌನ್ಸಿಲ್‌ನವರು ಕಡಿಯೋಕೆ ಗುರುತು ಹಾಕಿ ಹೋಗಿದಾರೆ! ನಮ್ಮನ್ನ ಒಂದು ಮಾತೂ ಕೇಳದೆ!"

ಅವರು ಬೆರಳು ಮಾಡಿ ತೋರಿಸಿದ್ದು ನಾನಿಟ್ಟ ಅರಿಶಿನ ಕುಂಕುಮವನ್ನು! ಕಡಿಯುವ ಮರಕ್ಕೆ ಇಲ್ಲಿ ಬಣ್ಣದ ಗುರುತು ಹಾಕುತ್ತಾರೆ. ಎದ್ದ ಸಿಮೆಂಟಿನ ನೆಪದಲ್ಲಿ ಈ ಮರ ಹೋಗುತ್ತದೆಂದು ಬೀದಿಯವರಿಗೆ ಮೊದಲೇ ಭಯವಿತ್ತಂತೆ. ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಪ್ರಶಾಂತ ನನ್ನ ಹಿಂದೆ ಬಂದು ಪಿಸುಗುಟ್ಟಿದ.

"ಸುಮ್ನಿರು. ಮಳೆ ಬಂದ್ರೆ ತೊಳ್ಕೊಂಡು ಹೋಗುತ್ತೆ. ಹೇಗೂ ಖಾಲಿ ಮಾಡೋರು ನಾವು."

ಆ ಕೊನೆಯ ಮಾತು ಚುಚ್ಚಿತು. ಸುಮ್ಮನಿದ್ದರೆ ಯಾರೂ ಅಲ್ಲದವಳಾಗಿಯೇ ಈ ಗುಡ್ಡ ಇಳಿಯಬೇಕು. ಹೇಳಿದರೆ ಬೀದಿಗೆಲ್ಲ ನಗೆಪಾಟಲು. ಆದದ್ದಾಗಲಿ ಎಂದು ಮುಂದೆ ಹೋಗಿ, ಅದು ಕೌನ್ಸಿಲ್ ಅಲ್ಲ, ನಾನು ಎಂದೆ.

ಎಲ್ಲರೂ ತಿರುಗಿದರು. ನೀನಾ, ಯಾಕೆ ಎಂದರು ಮೌರೀನ್.

"ನಮ್ಮೂರಲ್ಲಿ ಮರಕ್ಕೆ ಹೀಗೆ ಕುಂಕುಮ ಇಟ್ಟರೆ, ಇದು ಪೂಜೆಯ ಮರ, ಕಡಿಯಬೇಡಿ ಅಂತ," ಎಂದು ಶುರು ಮಾಡಿದೆ. ಹೇಳುತ್ತಿದ್ದಂತೆಯೇ ಅಣ್ಣನ ಫೋಟೊದಲ್ಲಿದ್ದ ಆ ಬುಡ ಕಣ್ಣ ಮುಂದೆ ಬಂತು. ಮಾತು ಅಲ್ಲಿಗೇ ನಿಂತು, ನಡುಬೀದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮೌರೀನ್ ನನ್ನ ಎರಡೂ ಕೈ ಹಿಡಿದುಕೊಂಡರು. "ಅಳಬೇಡ ಲವ್. ಇದನ್ನ ಮುಟ್ಟೋಕೆ ಯಾರನ್ನೂ ಬಿಡಲ್ಲ." ಇಲ್ಲಿನ ಅಜ್ಜಿಯರು ಕಂಡವರನ್ನೆಲ್ಲ ಲವ್ ಎಂದೇ ಕರೆಯುತ್ತಾರೆ, ನಮ್ಮಲ್ಲಿ ಕಂದ ಅಂದ ಹಾಗೆ. ಈ ಮರಕ್ಕಾಗಿ ಅತ್ತೆನೆಂದು ಅವರು ತಿಳಿದರು. ನಾನು ತಿದ್ದಲಿಲ್ಲ. ಕುರ್ಚಿಯವರು ಎದ್ದು, ಹಾಗಾದರೆ ಈ ಗುರುತು ಅಳಿಸಲೇಬಾರದು, ಮಾಸಿದರೆ ಮತ್ತೆ ಇಡು ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಅವರನ್ನು ಮೌರೀನ್ ಆಂಟಿ ಎಂದೇ ಕರೆಯುತ್ತೇನೆ, ಅವರಿಗೂ ಅದು ಇಷ್ಟ. ಚಿತ್ರಾನ್ನ ಬೇಲಿ ದಾಟಿ ಹೋಗುತ್ತದೆ, ಕೇಕ್ ಬರುತ್ತದೆ. ಪ್ರಶಾಂತ ಫಾರೆಸ್ಟ್ ಲೇಕ್ ಮಾತು ಬಿಟ್ಟು ಇನ್ನೊಂದು ವರ್ಷಕ್ಕೆ ಮನೆ ಮಾತಾಡಿದ್ದಾನೆ. ಬೇಕೆಂದದ್ದು ಸಿಕ್ಕಿತು, ಗುಡ್ಡವೂ, ಮರವೂ, ಜನರೂ.

ಆ ಖುಷಿಯಲ್ಲಿ ಎಲ್ಲವನ್ನೂ ಅಮ್ಮನಿಗೆ ವರ್ಣಿಸಿ ಹೇಳಿದೆ. ಅವಳು ನಗುತ್ತಾಳೆಂದು ಕಾದೆ.

"ಒಂದು ಮರಕ್ಕೆ ಅಷ್ಟು ಜನ ಬಂದ್ರಾ?" ಎಂದು ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು. "ಇಲ್ಲಿ ಕಡಿಯೋಕೆ ಬಂದಾಗ ನಾನೊಬ್ಳೇ ಹೋಗಿ ಮರದ ಮುಂದೆ ನಿಂತಿದ್ದೆ ಕಣೆ. ನೀನಿದ್ದಿದ್ರೆ ಇಬ್ರಾಗ್ತಿದ್ವಿ."